ಮಣ್ಣಿನ ಅಧ್ಯಯನಕ್ಕೆ ದೊರೆತ ಕಿರು ಅನುದಾನ: ಬೆಂಗಳೂರಿನ ಟ್ರಸ್ಟ್ ಒಂದರ ಸೇವೆಯ ವಿಮರ್ಶೆ

ನಗರದ ದಕ್ಷಿಣ ಭಾಗದಲ್ಲಿ ಕಚೇರಿ ಇರುವ ಖಾಸಗಿ ಟ್ರಸ್ಟ್ ಒಂದು, ವಿದ್ಯುತ್ ಯೋಜನೆಗಳು ಬಂದ ನೆಲದಲ್ಲಿ ಮಣ್ಣು ಮತ್ತು ಸಸ್ಯವರ್ಗಕ್ಕೆ ಏನಾಗುತ್ತದೆ ಎಂಬುದನ್ನು ಅಧ್ಯಯನ ಮಾಡುವವರಿಗೆ ಎರಡು ವರ್ಷದ ಕಿರು ಅನುದಾನ ಕೊಡುತ್ತದೆ. ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಬೋಧಿಸುವ ನಾನು ಇಬ್ಬರು ವಿದ್ಯಾರ್ಥಿಗಳೊಂದಿಗೆ ಅದನ್ನು ಪಡೆದು, ಲೆಕ್ಕ ಒಪ್ಪಿಸಿ ಈಗಷ್ಟೇ ಬಿಡುಗಡೆಯಾಗಿದ್ದೇನೆ. ಅರ್ಜಿ ಹಾಕುವ ಮುನ್ನ ಇಂಥದ್ದೊಂದು ಬರಹ ನನಗೆ ಸಿಕ್ಕಿದ್ದರೆ ಒಂದು ಮಳೆಗಾಲವಾದರೂ ಉಳಿಯುತ್ತಿತ್ತು. ದೂರುಗಳೂ ಇರುವುದರಿಂದ ಟ್ರಸ್ಟಿನ ಹೆಸರನ್ನಾಗಲಿ, ನಾವು ಕೆಲಸ ಮಾಡಿದ ಸೌರ ಘಟಕದ ಹೆಸರನ್ನಾಗಲಿ ಬರೆಯುವುದಿಲ್ಲ. ಈ ಕ್ಷೇತ್ರದಲ್ಲಿ ಹಣ ಕೊಡುವವರು ಕಡಿಮೆ ಇರುವುದರಿಂದ ತಿಳಿದವರಿಗೆ ತಿಳಿಯುತ್ತದೆ.

ಇಂಥ ಅನುದಾನ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಸೇವೆಯ ಬೆಲೆ ನಿಲ್ಲುವುದು ಅದರ ಮೇಲೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮುಂತಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿರುವುದು ಎಲ್ಲರಿಗೂ ಗೊತ್ತು. ಅಲ್ಲಿ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೊಂದಿಗೆ ಗುತ್ತಿಗೆಗೆ ಪಡೆಯಲಾಗಿದೆ. ಗುತ್ತಿಗೆ ಎಂದ ಮೇಲೆ ಅವಧಿ ಮುಗಿದ ದಿನ ನೆಲ ಮಾಲೀಕನಿಗೆ ಮರಳಬೇಕು. ಕಾಲು ಶತಮಾನದಷ್ಟು ಕಾಲ ಫಲಕಗಳ ನೆರಳಿನಲ್ಲಿದ್ದು, ಯಂತ್ರಗಳ ಚಕ್ರದಡಿ ಗಟ್ಟಿಯಾಗಿ, ಬದುಗಳನ್ನು ಕಳೆದುಕೊಂಡು ಮರಳುವ ನೆಲದಲ್ಲಿ ರೈತನ ಮೊಮ್ಮಗ ಶೇಂಗಾ ಬಿತ್ತಿದರೆ ಅದು ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಆ ನೆಲ ಮೊದಲು ಹೇಗಿತ್ತು ಎಂಬ ದಾಖಲೆ ಇರಬೇಕು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಡಿ ಸೌರ ಫಲಕದ ಯೋಜನೆಗಳಿಗೆ ಪೂರ್ವ ಪರಿಸರ ಅನುಮತಿ ಬೇಕಿಲ್ಲದಿರುವುದರಿಂದ, ಉಷ್ಣ ಸ್ಥಾವರ ಕಟ್ಟುವವರು ಸಿದ್ಧಪಡಿಸಬೇಕಾದ ಪರಿಣಾಮ ವರದಿಯನ್ನು ಇಲ್ಲಿ ಯಾರೂ ಸಿದ್ಧಪಡಿಸಬೇಕಾಗಿಲ್ಲ. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಾರಿಕೆಗೆಂದು 1977ರಲ್ಲಿ ಮಾಡಿದ ಕಾನೂನು, ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿರಿಸಿ ಮತ್ತೆ ಹರಡಬೇಕು, ಅದಕ್ಕೆ ಮುಂಗಡವಾಗಿ ಭದ್ರತೆಯನ್ನೂ ಇಡಬೇಕು, ಒಣ ಪ್ರದೇಶದಲ್ಲಾದರೆ ಬೆಳೆಸಿದ ಹಸಿರಿಗೆ ಹತ್ತು ವರ್ಷ ಹೊಣೆ ಹೊರಬೇಕು ಎನ್ನುತ್ತದೆ. ಸೂರ್ಯನ ಬೆಳಕಿಗೆ ಹೊಗೆ ಇಲ್ಲ ಎಂಬ ಕಾರಣಕ್ಕೆ ಅದರ ಕೆಳಗಿನ ಮಣ್ಣನ್ನು ನಾವು ಯಾರೂ ಕೇಳಿಲ್ಲ. ಕಾನೂನು ಕೇಳದ ಪ್ರಶ್ನೆಯನ್ನು ಕೇಳಲು ಹಣ ಕೊಡುವವರು ಈ ಟ್ರಸ್ಟಿನಂಥವರು. ಅದಕ್ಕಾಗಿ ಅವರಿಗೆ ಮೊದಲ ಅಂಕ ಕೊಟ್ಟುಬಿಟ್ಟಿದ್ದೇನೆ.

ಅರ್ಜಿಯ ನಮೂನೆ ಚಿಕ್ಕದು, ಸ್ವಚ್ಛವಾದದ್ದು. ಆರು ಪುಟಗಳಲ್ಲಿ ಪ್ರಶ್ನೆ, ವಿಧಾನ, ವೆಚ್ಚ, ಕಾಲಪಟ್ಟಿ ಇಷ್ಟನ್ನೇ ಕೇಳುತ್ತಾರೆ. ಕನ್ನಡದಲ್ಲಿ ಬರೆದ ಸಾರಾಂಶವನ್ನೂ ಸ್ವೀಕರಿಸುತ್ತಾರೆ, ಹಾಗೂ ಅದನ್ನು ಓದುತ್ತಾರೆ. ಸಂದರ್ಶನದಲ್ಲಿ ಒಬ್ಬರು ನನ್ನ ಸಾರಾಂಶದ ‘ಗರಸು’ (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಎಂಬ ಪದವನ್ನೇ ಹಿಡಿದು, ಅದು ಮೇಲ್ಮಣ್ಣಿನ ಕೆಳಗಿನ ಪದರವೇ ಅಥವಾ ಹೊರಗಿನಿಂದ ತಂದು ಹಾಕಿದ್ದೇ ಎಂದು ಕೇಳಿದರು.

ಈ ಸೇವೆಯಲ್ಲಿ ನಿಜವಾಗಿ ಶ್ರೇಷ್ಠವಾದದ್ದು ಪರಿಶೀಲಕರ ಟಿಪ್ಪಣಿ. ನಾನು ಕಳಿಸಿದ್ದ ಯೋಜನೆಯಲ್ಲಿ ಬೇಲಿಯ ಒಳಗೆ ಮತ್ತು ಹೊರಗೆ ಎಂಬ ಎರಡೇ ಹೋಲಿಕೆಗಳಿದ್ದವು. ಹೆಸರು ತಿಳಿಸದ ಪರಿಶೀಲಕರೊಬ್ಬರು ಎರಡು ಪುಟ ಬರೆದು, ಫಲಕದ ನೇರ ಕೆಳಗಿನ ನೆಲ, ಫಲಕದ ಕೆಳಂಚಿನಿಂದ ನೀರು ತೊಟ್ಟಿಕ್ಕುವ ಗೆರೆ, ಎರಡು ಸಾಲುಗಳ ನಡುವಿನ ಬಯಲು, ಬೇಲಿಯಾಚೆಯ ಹೊಲ, ಬೇಲಿಯಾಚೆಯ ಬೀಳು ಎಂದು ಐದಾಗಿ ಒಡೆಯದಿದ್ದರೆ ಸರಾಸರಿಯಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ ಎಂದರು. ಇಂಗ್ಲೆಂಡಿನ ಸೌರ ಉದ್ಯಾನವೊಂದರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಸಿಗೆಯಲ್ಲಿ ಫಲಕಗಳ ಕೆಳಗೆ 5.2 ಡಿಗ್ರಿ ಸೆಲ್ಸಿಯಸ್‌ನವರೆಗೆ ತಂಪು ಕಂಡುಬಂದದ್ದನ್ನು ನೆನಪಿಸಿ, ಅಲ್ಲಿಯ ಒದ್ದೆ ಹುಲ್ಲುಗಾವಲಿನ ಫಲಿತಾಂಶವನ್ನು ನಮ್ಮ ಅಧ್ಯಯನದ ಚಳ್ಳಕೆರೆ ಸೀಮೆಗೆ ಹಾಗೆಯೇ ತರಬಾರದೆಂದೂ ಎಚ್ಚರಿಸಿದ್ದರು. ಒಣ ನೆಲದಲ್ಲಿ ಅದೇ ನೆರಳು ತೇವವನ್ನು ಉಳಿಸಿ ಗಿಡಕ್ಕೆ ನೆರವಾಗಬಹುದು, ಇಲ್ಲವೇ ಬಿಸಿಲು ಬೇಡುವ ಹುಲ್ಲನ್ನು ಕೊಂದು ಬೇರೆ ಕಳೆಗೆ ಜಾಗ ಕೊಡಬಹುದು.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮಾತು ಅದರಲ್ಲಿತ್ತು. ಮಣ್ಣಿನ ಇಂಗಾಲದ ದಾಸ್ತಾನನ್ನು ಲೆಕ್ಕ ಹಾಕುವಾಗ ಸಾವಯವ ಇಂಗಾಲದ ಶೇಕಡಾವಾರು, ಮಣ್ಣಿನ ಸ್ಥೂಲ ಸಾಂದ್ರತೆ (ರಂಧ್ರಗಳೂ ಸೇರಿದ ಗಾತ್ರಕ್ಕೆ ಒಣಮಣ್ಣಿನ ತೂಕ) ಮತ್ತು ಆಳ ಈ ಮೂರನ್ನೂ ಗುಣಿಸುತ್ತೇವೆ. ಉದಾಹರಣೆಗೆ ಇಂಗಾಲ ಶೇಕಡಾ 0.4, ಸಾಂದ್ರತೆ ಘನ ಸೆಂಟಿಮೀಟರಿಗೆ 1.5 ಗ್ರಾಂ, ಆಳ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಹೆಕ್ಟೇರಿಗೆ 9 ಟನ್ ಬರುತ್ತದೆ. ಅದೇ ನೆಲದ ಮೇಲೆ ಕ್ರೇನು, ಲಾರಿಗಳು ಓಡಾಡಿ ಸಾಂದ್ರತೆ 1.7ಕ್ಕೆ ಏರಿದರೆ, ಒಂದು ಚಿಟಿಕೆ ಇಂಗಾಲವೂ ಸೇರದೆ ಲೆಕ್ಕ 10.2 ಟನ್ನಿಗೆ ಏರುತ್ತದೆ. ಅಂದರೆ ನೆಲವನ್ನು ತುಳಿದು ಹಾಳು ಮಾಡಿದವನೇ ಇಂಗಾಲ ಕೂಡಿಸಿದ ಪುಣ್ಯವಂತನಂತೆ ಕಾಣುತ್ತಾನೆ. ಸಮಾನ ಆಳಕ್ಕೆ ಬದಲು ಸಮಾನ ತೂಕದ ಮಣ್ಣನ್ನು ಹೋಲಿಸಿ ಎಂಬ ಸಲಹೆ ಬಂದದ್ದು ಹೀಗೆ. ಹಣ ಸಿಗದೆ ಇದೊಂದು ಟಿಪ್ಪಣಿ ಮಾತ್ರ ಸಿಕ್ಕಿದ್ದರೂ ಅರ್ಜಿ ಹಾಕಿದ್ದು ಸಾರ್ಥಕವಾಗುತ್ತಿತ್ತು.

ಇನ್ನು ಹಣದ ವಿಷಯ. ಜನವರಿಯಲ್ಲಿ ಅರ್ಜಿ ಹಾಕಿದೆವು. ಏಪ್ರಿಲ್‌ನಲ್ಲಿ ನಿರ್ಧಾರ ತಿಳಿಸುತ್ತೇವೆ ಎಂದು ಪ್ರಕಟಣೆಯಲ್ಲಿ ಅಚ್ಚಾಗಿತ್ತು. ಪತ್ರ ಬಂದದ್ದು ಆಗಸ್ಟಿನಲ್ಲಿ, ಕಾಲೇಜಿನ ಖಾತೆಗೆ ಮೊದಲ ಕಂತು ಬಂದದ್ದು ನವೆಂಬರ್ ಕೊನೆಯ ವಾರದಲ್ಲಿ. ಬೇರೆ ವಿಷಯದವರಿಗೆ ಏಳು ತಿಂಗಳ ತಡ ಎಂದರೆ ಏಳು ತಿಂಗಳ ತಡ ಮಾತ್ರ. ಚಳ್ಳಕೆರೆ, ಹಿರಿಯೂರು, ಪಾವಗಡದ ಕಡೆ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅಲ್ಲಿಯ ವಾರ್ಷಿಕ ಸಸ್ಯಗಳು ಆ ಮಳೆಗೆ ಎದ್ದು, ಹೂಬಿಟ್ಟು, ಬೀಜ ಚೆಲ್ಲಿ, ಕೆಲವೇ ವಾರಗಳಲ್ಲಿ ಒಣಗಿಹೋಗುತ್ತವೆ. ಡಿಸೆಂಬರಿನಲ್ಲಿ ಹೋದವರಿಗೆ ಕಾಣಸಿಗುವುದು ಬಳ್ಳಾರಿ ಜಾಲಿ, ತಂಗಡಿ, ಉತ್ತರಾಣಿ ಮತ್ತು ಸದಾ ಹಾಜರಿರುವ ಕಾಂಗ್ರೆಸ್ ಗಿಡ, ಉಳಿದದ್ದೆಲ್ಲ ಒಣಕಡ್ಡಿ. ಹೂವೂ ತೆನೆಯೂ ಇಲ್ಲದ ಹುಲ್ಲಿನ ಕಡ್ಡಿಯನ್ನು ಹರ್ಬೇರಿಯಂಗೆ (ಒಣಗಿಸಿದ ಸಸ್ಯಗಳ ಸಂಗ್ರಹಕ್ಕೆ) ಒಯ್ದು ಹೆಸರು ಕೇಳಿದರೆ, ಎಷ್ಟೇ ಅನುಭವಿಯಾದರೂ ಪಾಪ ಅವರು ಏನು ಹೇಳಿಯಾರು!

ಈ ಭಯದಿಂದಲೇ ನಾವು ಸೆಪ್ಟೆಂಬರಿನಲ್ಲಿ ಸ್ವಂತ ಖರ್ಚಿನಲ್ಲಿ ಹೋಗಿಬಂದೆವು. ಮಂಜೂರಾತಿ ಪತ್ರ ಕೈಯಲ್ಲಿತ್ತು, ಹಣ ಮಾತ್ರ ಇರಲಿಲ್ಲ. ಮೆಜೆಸ್ಟಿಕ್‌ನಿಂದ ಬೆಳಗಿನ ಬಸ್ಸಿಗೆ ಹೊರಟು, ಒಂದು ಮೀಟರ್ ಚೌಕದ ಪೈಪಿನ ಚೌಕಟ್ಟನ್ನು ಬಿಡಿಬಿಡಿಯಾಗಿ ಕಟ್ಟಿಕೊಂಡು ಹೋಗಿ, ಮೂರು ದಿನ ಗಿಡ ಎಣಿಸಿದೆವು. ನಂತರ ಆ ಖರ್ಚಿನ ಬಿಲ್ಲುಗಳನ್ನು ಕೊಟ್ಟಾಗ, ಮೊದಲ ಕಂತು ಬಿಡುಗಡೆಯಾದ ದಿನಾಂಕಕ್ಕಿಂತ ಹಿಂದಿನ ವೆಚ್ಚವನ್ನು ನಿಯಮದಂತೆ ಒಪ್ಪಲಾಗದು ಎಂಬ ಉತ್ತರ ಬಂತು. ಅವರದೇ ವಿಳಂಬದಿಂದ ಹುಟ್ಟಿದ ವೆಚ್ಚವನ್ನು ಅವರದೇ ನಿಯಮ ತಳ್ಳಿಹಾಕಿತು. ನಮ್ಮ ಇಡೀ ಅಧ್ಯಯನದಲ್ಲಿ ಸಸ್ಯಗಳ ಬಗ್ಗೆ ನಂಬಬಹುದಾದ ಮೊದಲ ವರ್ಷದ ಮಾಹಿತಿ ಎಂದರೆ ಆ ಮೂರು ದಿನದ್ದೇ, ಹಾಗೂ ಅದಕ್ಕೆ ಟ್ರಸ್ಟ್ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಘಟಕದ ಒಳಗಿನ ಒಂದು ಬೆಳಿಗ್ಗೆಯನ್ನು ವಿವರಿಸಿದರೆ ನನ್ನ ಇನ್ನೊಂದು ಆಕ್ಷೇಪ ಸ್ಪಷ್ಟವಾಗುತ್ತದೆ. ಸಾಂದ್ರತೆ ಅಳೆಯಲು ಬೇಕಾದ ಉಕ್ಕಿನ ಬಳೆಗಳನ್ನು ನಾವು ಪೀಣ್ಯದ ಲೇತ್ ವರ್ಕ್‌ಶಾಪ್ ಒಂದರಲ್ಲಿ ಮಾಡಿಸಿದ್ದೆವು: ಒಳ ವ್ಯಾಸ 5 ಸೆಂ.ಮೀ., ಎತ್ತರ 5 ಸೆಂ.ಮೀ., ಒಂದು ಅಂಚು ಚಾಕುವಿನಂತೆ ಚೂಪು, ಒಳಗಿನ ಗಾತ್ರ ಸುಮಾರು 98 ಘನ ಸೆಂಟಿಮೀಟರ್. ಹಲಗೆ ಅಡ್ಡ ಇಟ್ಟು ಸುತ್ತಿಗೆಯಿಂದ ಮೆತ್ತಗೆ ಬಡಿದರೆ ಬಳೆ ನೆಲಕ್ಕಿಳಿಯಬೇಕು. ಸುತ್ತಲಿನ ಮಣ್ಣನ್ನು ಬಿಡಿಸಿ, ಬಳೆಯನ್ನು ಮೇಲೆತ್ತಿ, ಎರಡೂ ಬದಿಯನ್ನು ಚಾಕುವಿನಿಂದ ಸಮ ಮಾಡಿ ಚೀಲಕ್ಕೆ ಹಾಕಬೇಕು. ಬೇಲಿಯಾಚೆಯ ಹೊಲದಲ್ಲಿ ನಾಲ್ಕೈದು ಏಟಿಗೆ ಇಳಿದ ಬಳೆ, ಎರಡು ಫಲಕ ಸಾಲುಗಳ ನಡುವಿನ ಜಾಗದಲ್ಲಿ ಇಪ್ಪತ್ತು ಏಟಿಗೂ ಅರ್ಧಕ್ಕೆ ನಿಂತಿತು, ಅಂಚು ಮಡಚಿಕೊಂಡಿತು. ನಮ್ಮ ಜೊತೆ ಬಂದಿದ್ದ ಆ ಊರಿನ ಹಿರಿಯರೊಬ್ಬರು, ತಾವೇ ಒಂದು ಕಾಲಕ್ಕೆ ಉತ್ತ ನೆಲವದು, ಸ್ವಲ್ಪ ಹೊತ್ತು ನೋಡಿ, “ಮೇಡಮ್ಮಾರೆ, ಇಲ್ಲಿದ್ದ ಮಣ್ಣು ಇಲ್ಲಿಲ್ಲ. ಅದ್ನ ಬಳ್ದು ಆ ತಗ್ಗಿಗೆ ತುಂಬವ್ರೆ. ನೀವು ಗುದ್ದೋದು ಗರಸಿಗೆ” ಎಂದರು. “ಯಾವಾಗ ಅಜ್ಜ?” ಎಂದು ನನ್ನ ವಿದ್ಯಾರ್ಥಿನಿ ಕೇಳಿದರೆ, “ಕಂಬ ನೆಡಕ್ಕೂ ಮುಂಚೆ, ಜೆಸಿಬಿ ಬಂದಾಗ” ಎಂದರು.

ನೆಲ ಮಟ್ಟ ಮಾಡಿದ ಆ ಮೊದಲ ವಾರಗಳಲ್ಲೇ ಮೇಲ್ಮಣ್ಣು ಜಾಗ ಬದಲಿಸಿತ್ತು. ಫಲಕದ ನೆರಳು ಇಂಗಾಲವನ್ನು ಕೂಡಿಸಿತೇ ಕಳೆಯಿತೇ ಎಂದು ನಾವು ಎರಡು ವರ್ಷ ಅಳೆದದ್ದು ಯಾವ ಮಣ್ಣನ್ನು? ಕಡಿದು ತೆಗೆದ ಜಾಗದಲ್ಲಿ ಗರಸನ್ನು, ತುಂಬಿದ ಜಾಗದಲ್ಲಿ ಎರಡು ಹೊಲಗಳ ಕಲಸುಮಣ್ಣನ್ನು. ಯೋಜನೆ ಆರಂಭವಾಗುವ ಮುನ್ನ ಒಮ್ಮೆ, ನಂತರ ಹಲವು ಬಾರಿ, ಬೇಲಿಯ ಒಳಗೂ ಹೊರಗೂ ಮಾದರಿ ತೆಗೆದಾಗ ಮಾತ್ರ ಇದನ್ನು ಬಿಡಿಸಲು ಸಾಧ್ಯ. ಆದರೆ ಟ್ರಸ್ಟಿನ ನಿಯಮಾವಳಿ, ‘ಕಾರ್ಯಾರಂಭ ಮಾಡಿರುವ’ ಯೋಜನೆಗಳ ನೆಲವನ್ನಷ್ಟೇ ಅಧ್ಯಯನಕ್ಕೆ ಒಪ್ಪುತ್ತದೆ. ಫಲಕ ಇಲ್ಲದ ಕಡೆ ‘ಬಾಧಿತ ಭೂಪ್ರದೇಶ’ ಎಲ್ಲಿದೆ ಎಂಬುದು ಅವರ ತರ್ಕ. ಬಾಧೆ ತಟ್ಟುವ ಮುನ್ನ ಅಳೆಯಲು ಹಣ ಕೊಡದ ಅನುದಾನ, ಬಾಧೆ ಎಷ್ಟೆಂದು ಹೇಳು ಎಂದು ಹೇಗೆ ಕೇಳುತ್ತದೆ? ಅವಧಿ ಮುಗಿದಾಗ ಕೊಟ್ಟ ಅಭಿಪ್ರಾಯ ಪತ್ರದಲ್ಲಿ ಇದನ್ನು ಬರೆದಿದ್ದೇನೆ. ಮುಂದಿನ ಸುತ್ತಿನಲ್ಲಿ ಪರಿಗಣಿಸುತ್ತೇವೆ ಎಂದಿದ್ದಾರೆ.

ಫಲಕದ ಕೆಳಂಚಿನ ಗೆರೆಯ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆಗಿತ್ತು, ಏಕೆಂದರೆ ಅದಕ್ಕೆ ಹಳೆಯ ದಾಖಲೆ ಬೇಕಿರಲಿಲ್ಲ. ಹರಡಿ ಬೀಳಬೇಕಾದ ಮಳೆ ಇಡೀ ಫಲಕದ ಮೇಲಿಂದ ಜಾರಿ ಒಂದೇ ಗೆರೆಯಲ್ಲಿ ಬೀಳುವುದರಿಂದ, ಅಲ್ಲಿ ನಾಲ್ಕು ಬೆರಳಗಲದ ಕಾಲುವೆ ಕೊರೆದಿತ್ತು. ಅದರ ಎರಡೂ ದಡದಲ್ಲಿ ಗರಿಕೆ ಮತ್ತು ತುಂಬೆ ದಟ್ಟವಾಗಿದ್ದವು, ಒಂದು ಮಾರು ಆಚೆಗೆ ಏನೂ ಇರಲಿಲ್ಲ. ಫಲಕ ತೊಳೆದ ನೀರೂ ಅದೇ ಗೆರೆಗೆ ಇಳಿಯುತ್ತದೆ. ಸೆಪ್ಟೆಂಬರಿನ ಮೂರು ದಿನದಲ್ಲಿ ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಇದೇ.

ಲೆಕ್ಕಪತ್ರ ವಿಭಾಗದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಅನುದಾನ ಪಡೆದ ಯಾರಿಗೂ ಅದು ಹೊಸದಲ್ಲ. ಪೀಣ್ಯದ ಬಳೆಗಳಿಗೆ ಮೂರು ಕೊಟೇಶನ್ ಕೇಳಿದರು. ಎರಡು ಸಾವಿರವೂ ದಾಟದ ಕೆಲಸಕ್ಕೆ ಕೊಟೇಶನ್ ಬರೆದುಕೊಡಿ ಎಂದರೆ ವರ್ಕ್‌ಶಾಪಿನ ಮಾಲೀಕರು, “ಮೇಡಂ, ಅದನ್ನ ಬರೆಯೋ ಹೊತ್ತಿಗೆ ಬಳೆ ಮಾಡಿಕೊಟ್ಟುಬಿಡ್ತೀನಿ” ಎಂದು ನಕ್ಕರು, ಮಾಡಿಯೂ ಕೊಟ್ಟರು. ಚೌಕಟ್ಟು ಹಿಡಿದ ಕೂಲಿಯವರಿಗೆ ಕೊಟ್ಟ ಹಣಕ್ಕೆ ಪ್ಯಾನ್ ಸಂಖ್ಯೆ ಬೇಕೆಂದವರು, ಎರಡು ತಿಂಗಳ ಪತ್ರ ವ್ಯವಹಾರದ ಬಳಿಕ ಸಹಿ ಮಾಡಿದ ವೋಚರ್ ಸಾಕು ಎಂದರು. ಮೆಚ್ಚಬೇಕಾದ ಸಂಗತಿಯೆಂದರೆ ಅಲ್ಲಿ ಫೋನಿಗೆ ಮನುಷ್ಯರೇ ಸಿಗುತ್ತಾರೆ, ಸಿಕ್ಕವರು ಸೌಜನ್ಯದಿಂದ ಮಾತನಾಡುತ್ತಾರೆ, ಹಾಗೂ ಕೇಳಿದ ಪ್ರಶ್ನೆಗೆ ಕೇಳಿದ ದಿನವೇ ಉತ್ತರ ಬರುತ್ತದೆ. ಹಣ ಮಾತ್ರ ಬರುವುದಿಲ್ಲ.

ಪ್ರಯೋಗಾಲಯದ ಸಂಗತಿ ಗಂಭೀರವಾದದ್ದು. ಟ್ರಸ್ಟ್ ತನ್ನ ಪಟ್ಟಿಯಲ್ಲಿರುವ ಒಂದು ಖಾಸಗಿ ಪ್ರಯೋಗಾಲಯದಲ್ಲೇ ಮಣ್ಣಿನ ಪರೀಕ್ಷೆ ಮಾಡಿಸಬೇಕೆಂಬ ಷರತ್ತು ಹಾಕುತ್ತದೆ. ಬೆಂಗಳೂರಿನಂಥ ಊರಿನಲ್ಲಿ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯವೂ ಹೆಬ್ಬಾಳದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇರುವ ಕಡೆ, ಈ ಷರತ್ತು ಏಕೆಂದು ನನಗೆ ಅರ್ಥವಾಗಿಲ್ಲ. ಜಡಿಮಳೆಯ ಜುಲೈಯಲ್ಲಿ ಮನೆಯ ತಾರಸಿ ಬಿಟ್ಟು ನಡುಮನೆಯಲ್ಲೇ ಹಳೆಯ ಪತ್ರಿಕೆಗಳ ಮೇಲೆ ಮಣ್ಣು ಹರಡಿ, ನೆರಳಲ್ಲಿ ಒಣಗಿಸಿ, ಎರಡು ಮಿಲಿಮೀಟರ್ ಜರಡಿ ಹಿಡಿದು ನಾವು ಕಳಿಸಿದ 48 ಚೀಲಗಳಲ್ಲಿ, ನಾಲ್ಕು ಚೀಲಗಳು ಬೇರೆ ನಾಲ್ಕರ ಜೋಡಿಯಾಗಿದ್ದವು: ಅದೇ ಮಣ್ಣು, ಬೇರೆ ಸಂಖ್ಯೆ. ಇದು ಪ್ರಯೋಗಾಲಯವನ್ನು ಪರೀಕ್ಷಿಸುವ ಹಳೆಯ ಉಪಾಯ. ವರದಿಯಲ್ಲಿ ಒಂದು ಜೋಡಿಗೆ ಸಾವಯವ ಇಂಗಾಲ ಶೇಕಡಾ 0.38 ಮತ್ತು 0.61 ಎಂದು ಬಂದಿತ್ತು. ನಮ್ಮಲ್ಲಿ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.5ರಿಂದ 0.75 ಇದ್ದರೆ ‘ಮಧ್ಯಮ’ ಎಂಬ ವರ್ಗೀಕರಣ ರೂಢಿಯಲ್ಲಿದೆ. ಅಂದರೆ ಒಂದೇ ಮುಷ್ಟಿ ಮಣ್ಣು ಎರಡು ವರ್ಗಗಳಲ್ಲಿ ಕುಳಿತಿತ್ತು. ಯಾವ ವಿಧಾನದಿಂದ ಅಳೆದರೆಂಬುದೂ ವರದಿಯಲ್ಲಿರಲಿಲ್ಲ. 1934ರಿಂದ ಬಳಕೆಯಲ್ಲಿರುವ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲ ಬೆರೆತಾಗ ಏಳುವ ಬಿಸಿಯಲ್ಲೇ ಇಂಗಾಲ ಉತ್ಕರ್ಷಣಗೊಳ್ಳಬೇಕಾಗಿರುವುದರಿಂದ, ಸುಮಾರು ಮುಕ್ಕಾಲು ಪಾಲು ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ಸಿಕ್ಕ ಅಂಕಿಯನ್ನು 1.3ರಿಂದ ಗುಣಿಸಿ ಉಳಿದುದನ್ನು ಸರಿದೂಗಿಸುವುದು ವಾಡಿಕೆ. ಗುಣಿಸಿದ್ದಾರೋ ಇಲ್ಲವೋ ತಿಳಿಯದೆ ಈ ಅಂಕಿಯನ್ನು ಇನ್ನೊಂದು ಅಧ್ಯಯನದ ಪಕ್ಕ ಇಡುವುದು ಸೇರನ್ನೂ ಲೀಟರನ್ನೂ ಒಂದೇ ಕಾಲಂನಲ್ಲಿ ಕೂಡಿಸಿದಂತೆ.

ದೂರು ಕೊಟ್ಟ ಮೇಲೆ ನಡೆದದ್ದು ಟ್ರಸ್ಟಿನ ಪರವಾಗಿ ಹೇಳಬೇಕಾದ ಮಾತು. ಕಾರ್ಯಕ್ರಮದ ಅಧಿಕಾರಿ ತಾವೇ ಪ್ರಯೋಗಾಲಯಕ್ಕೆ ಹೋಗಿ, ಅಷ್ಟೂ ಮಾದರಿಗಳನ್ನು ಶುಲ್ಕವಿಲ್ಲದೆ ಮರುಪರೀಕ್ಷೆ ಮಾಡಿಸಿದರು. ಎರಡನೇ ವರದಿಯಲ್ಲಿ ವಿಧಾನದ ಹೆಸರಿತ್ತು, ಜೋಡಿಗಳೂ ಹತ್ತಿರ ಬಂದಿದ್ದವು. ಜೋಡಿ ಚೀಲ ಇಡದಿದ್ದವರ ವರದಿಗಳ ಗತಿ ಏನಾಯಿತೋ ಎಂಬ ಯೋಚನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಅರ್ಜಿ ಹಾಕುವವರಿಗೆ ನನ್ನ ಸಲಹೆ: ಹತ್ತಕ್ಕೆ ಒಂದರಂತೆ ಜೋಡಿ ಮಾದರಿಗೆ ವೆಚ್ಚಪಟ್ಟಿಯಲ್ಲೇ ಹಣ ಕೇಳಿ, ಕೊಡುತ್ತಾರೆ.

ಕೊನೆಯದಾಗಿ, ಹಣದ ಮೂಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗೆ ವಿನಿಯೋಗಿಸಬೇಕು. ಈ ಟ್ರಸ್ಟಿಗೆ ಬರುವ ಹಣದಲ್ಲಿ ವಿದ್ಯುತ್ ಉತ್ಪಾದಿಸುವ ಕಂಪನಿಗಳ ಪಾಲೂ ಇದೆ. ಅದನ್ನು ಅವರು ಮುಚ್ಚಿಡದೆ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕುತ್ತಾರೆ. ಆದರೆ ಕರಾರಿನಲ್ಲಿ, ಫಲಿತಾಂಶ ಪ್ರಕಟಿಸುವ 30 ದಿನ ಮುನ್ನ ಹಸ್ತಪ್ರತಿಯನ್ನು ಟ್ರಸ್ಟಿಗೆ ಕಳಿಸಿ ‘ಒಪ್ಪಿಗೆ’ ಪಡೆಯಬೇಕೆಂಬ ವಾಕ್ಯವಿತ್ತು. ಅದನ್ನು ಹಾಗೆಯೇ ಸಹಿ ಮಾಡಬೇಡಿ. ನಾನು ‘ಒಪ್ಪಿಗೆ’ ಎಂಬಲ್ಲಿ ‘ಮಾಹಿತಿ’ ಎಂದು ತಿದ್ದಿಸಿಕೊಳ್ಳಲು ಕೇಳಿದೆ, ಒಂದೇ ವಾರದಲ್ಲಿ ತಿದ್ದಿಕೊಟ್ಟರು. ನಂತರ ಕಳಿಸಿದ ಹಸ್ತಪ್ರತಿಯಲ್ಲಿ ಮೇಲ್ಮಣ್ಣು ಬಳಿದ ಸಂಗತಿಯನ್ನು ಬರೆದಿದ್ದರೂ ಯಾರೂ ಒಂದಕ್ಷರ ತೆಗೆಯಿರಿ ಎನ್ನಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ಚಾಳಕೆವಾಡಿ ಪ್ರಸ್ಥಭೂಮಿಯಲ್ಲಿ ಗಾಳಿಯಂತ್ರಗಳಿರುವೆಡೆ ಹದ್ದುಗಳಂಥ ಬೇಟೆಹಕ್ಕಿಗಳು ಕಡಿಮೆಯಾಗಿ ಓತಿಗಳು ಹೆಚ್ಚಿರುವುದನ್ನು 2018ರಲ್ಲಿ ಪ್ರಕಟಿಸಿದ್ದು ನೆನಪಾಗುತ್ತದೆ. ಹಸಿರು ವಿದ್ಯುತ್ತಿನ ನೆಲದಲ್ಲೂ ಇಂಥ ಫಲಿತಾಂಶ ಬರಬಹುದೆಂದು ತಿಳಿದೇ ಹಣ ಕೊಡುವ ಎದೆಗಾರಿಕೆ ಈ ಟ್ರಸ್ಟಿಗಿದೆ ಎಂಬುದು ನನ್ನ ಅಂದಾಜು. ಆದರೂ ಆ ವಾಕ್ಯ ಎಲ್ಲರ ಕರಾರಿನಿಂದಲೂ ಹೋಗಬೇಕು, ಕೇಳಿದವರ ಕರಾರಿನಿಂದ ಮಾತ್ರವಲ್ಲ.

ಐದರಲ್ಲಿ ಮೂರು ನಕ್ಷತ್ರ. ಪರಿಶೀಲನೆಗೆ ಐದು, ನಡವಳಿಕೆಗೆ ನಾಲ್ಕು, ಕಾಲಪಾಲನೆಗೆ ಒಂದು ಎಂದು ಬಿಡಿಸಿ ಓದಿಕೊಳ್ಳಬಹುದು. ಕಾಲೇಜಿನಿಂದ ಮುಂಗಡ ಪಡೆಯುವ ಸೌಕರ್ಯ ಇರುವವರು, ಮಳೆಗಾಲಕ್ಕೆ ಕಟ್ಟುಬೀಳದ ಪ್ರಶ್ನೆ ಇರುವವರು ಧೈರ್ಯವಾಗಿ ಅರ್ಜಿ ಹಾಕಿ. ವಾರ್ಷಿಕ ಸಸ್ಯಗಳ ಮೇಲೆ ಕೆಲಸ ಮಾಡುವವರು ಕಾಲಪಟ್ಟಿಯಲ್ಲಿ ಮೊದಲ ಮಳೆಗಾಲ ಹೋಯಿತೆಂದೇ ಬರೆದುಕೊಂಡು, ಅವಧಿಯನ್ನು ಮೂರು ವರ್ಷಕ್ಕೆ ಕೇಳಿ. ವೆಚ್ಚ ಹೆಚ್ಚಿಸದೆ ಅವಧಿ ಮಾತ್ರ ವಿಸ್ತರಿಸಲು ಅವರಿಗೆ ತಕರಾರಿಲ್ಲ ಎಂಬುದು ನನಗೆ ಗೊತ್ತಾದದ್ದು ಕೊನೆಯ ತಿಂಗಳಲ್ಲಿ. ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಬರಬೇಕಾದ ಶೇಕಡಾ 10ರಷ್ಟು ಬಾಕಿ ಈ ಬರಹ ಮುಗಿಸುವ ಹೊತ್ತಿಗೆ ಬಂದಿಲ್ಲ. ಅಂಚು ಮಡಚಿದ ಬಳೆಯನ್ನು ಸರಿಮಾಡಿಸಲು ಪೀಣ್ಯಕ್ಕೆ ಕೊಟ್ಟಿದ್ದೇನೆ, ಸೆಪ್ಟೆಂಬರಿಗೆ ಮತ್ತೆ ಬೇಕು.